ನಾಲ್ಕು ಮಿಲಿಮೀಟರ್ ಚರ್ಮ

ಜನವರಿ ೧೧

ಪ್ರೀತಿಯ ಅಪ್ಪ, ಅಮ್ಮ,

ಇಂದು ಜನವರಿ ಹನ್ನೊಂದು, ಭಾನುವಾರ. ಈ ಪತ್ರದ ಉದ್ದೇಶ ಒಂದೇ: ನಿಮ್ಮಿಬ್ಬರ ತೋಳಿನಿಂದ ತಲಾ ನಾಲ್ಕು ಮಿಲಿಮೀಟರ್ ಚರ್ಮ ನನಗೆ ಬೇಕಾಗಿದೆ. ಫೋನಿನಲ್ಲಿ ಕೇಳಿದ್ದರೆ ಅಪ್ಪ ನಗೆಯಾಡಿ ಮಾತು ಮರೆಸುತ್ತಿದ್ದರು. ಅಮ್ಮ ಊಟವಾಯಿತೇ ಎಂದು ವಿಚಾರಿಸಿ ಫೋನ್ ಇಟ್ಟುಬಿಡುತ್ತಿದ್ದಳು. ಆದ್ದರಿಂದ ಬರವಣಿಗೆಯಲ್ಲಿ, ಕಾರಣಸಹಿತವಾಗಿ ಕೇಳುತ್ತಿದ್ದೇನೆ.

ನನ್ನ ಕೆಲಸವನ್ನು ನೀವು ನೆಂಟರಿಗೆ "ಅದೇನೋ ಕಾಯಿಲೆಯ ಸಂಶೋಧನೆ" ಎಂದು ಪರಿಚಯಿಸುತ್ತಿರುವುದು ನನಗೆ ತಿಳಿದಿದೆ. ಅದು ತಪ್ಪಲ್ಲ, ಆದರೆ ಸಾಲದು. ದೇಹದ ಪ್ರತಿಯೊಂದು ಜೀವಕೋಶದೊಳಗೂ ಹಳೆಯ ಪ್ರೋಟೀನುಗಳನ್ನು ಒಡೆಯುವ ಪುಟ್ಟ ಚೀಲಗಳಿವೆ. ಒಡೆದಾಗ ಸಿಗುವ ಅಮೈನೊ ಆಮ್ಲಗಳು ಚೀಲದಿಂದ ಹೊರಬಂದು ಮತ್ತೆ ಬಳಕೆಯಾಗಬೇಕು. ಅವುಗಳಲ್ಲಿ ಸಿಸ್ಟಿನ್ ಎಂಬುದಕ್ಕೆ ಹೊರಬರಲು ಇರುವುದು ಒಂದೇ ಬಾಗಿಲು. ಕೆಲವು ಮಕ್ಕಳು ಆ ಬಾಗಿಲಿಲ್ಲದೆಯೇ ಹುಟ್ಟುತ್ತಾರೆ. ಅವರಲ್ಲಿ ಸಿಸ್ಟಿನ್ ಒಳಗೊಳಗೇ ಶೇಖರವಾಗಿ ಹರಳುಗಟ್ಟುತ್ತದೆ. ಮೊದಲು ಕೆಡುವುದು ಮೂತ್ರಪಿಂಡ. ಆರೇಳು ತಿಂಗಳವರೆಗೆ ಚೆನ್ನಾಗಿದ್ದ ಮಗು ಬೆಳೆಯುವುದನ್ನು ನಿಲ್ಲಿಸುತ್ತದೆ, ಊಟ ಬಿಡುತ್ತದೆ, ನೀರಿಗಾಗಿ ಹಂಬಲಿಸುತ್ತದೆ. ಇಂಥ ಮಕ್ಕಳು ಹೂದಾನಿಯ ನೀರನ್ನೂ ಸ್ನಾನದ ನೀರನ್ನೂ ಕುಡಿದ ಉದಾಹರಣೆಗಳು ವೈದ್ಯರ ಟಿಪ್ಪಣಿಗಳಲ್ಲಿವೆ.

ಆ ಮಕ್ಕಳ ಚರ್ಮದ ಚೂರಿನಿಂದ ಬೆಳೆಸಿದ ಕೋಶಗಳು ನಮ್ಮ ಪ್ರಯೋಗಾಲಯದಲ್ಲಿವೆ. ಅವುಗಳಿಗೆ ಸಿಸ್ಟಿನ್ ತುಂಬಿಸಿ, ಎಷ್ಟು ನಿಮಿಷದಲ್ಲಿ ಎಷ್ಟು ಹೊರಹೋಗುತ್ತದೆಂದು ಅಳೆಯುವುದು ನನ್ನ ಕೆಲಸ. ಹೋಲಿಕೆಗೆ ಆರೋಗ್ಯವಂತರ ಕೋಶ ಬೇಕು. ಹೊಸದಾಗಿ ಸೇರಿದವರು ತಮ್ಮ ಚರ್ಮವನ್ನೇ ಕೊಡುವುದು ಇಲ್ಲಿನ ಪದ್ಧತಿ. ನಾನೂ ಕೊಟ್ಟೆ, ಸಂತೋಷದಿಂದಲೇ ಕೊಟ್ಟೆ. ಉಳಿದವರನ್ನು ನನಗೆ ಹೋಲಿಸಿ ಅಳೆಯುವುದು ನನಗೆ ಸಹಜವಾಗಿಯೇ ತೋರಿತು.

ನವೆಂಬರಿನಲ್ಲಿ ನಮ್ಮ ಪ್ರೊಫೆಸರರು ಇನ್ನಿಬ್ಬರು ಆರೋಗ್ಯವಂತರ ಕೋಶಗಳನ್ನು ನನ್ನವುಗಳ ಪಕ್ಕದಲ್ಲಿಟ್ಟು ಅಳೆಯಲು ಹೇಳಿದರು. ಅವರದು ನೂರು ಬಂದರೆ ನನ್ನದು ನಲವತ್ತೆಂಟು. "ಇದು ಕೋಶದ ತಪ್ಪಲ್ಲಮ್ಮ, ಕೈಯ ತಪ್ಪು. ನಿನಗೆ ಅವಸರ ಜಾಸ್ತಿ" ಎಂದರು, ಎಲ್ಲರ ಎದುರಿಗೆ. ಅದನ್ನು ಒಂಬತ್ತು ಬಾರಿ ಮತ್ತೆ ಮಾಡಿದ್ದೇನೆ. ಒಂಬತ್ತು ಬಾರಿಯೂ ಅರ್ಧ.

ನನ್ನ ಕೈ ತಪ್ಪಿಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಂದ ಕೆಟ್ಟ ಜೀನ್ ಬಂದು, ಇನ್ನೊಬ್ಬರಿಂದ ಒಳ್ಳೆಯದು ಬಂದರೆ ಅರ್ಧದಷ್ಟೇ ಸಾಗಣೆ ಇರುತ್ತದೆ. ಅಂಥವರಿಗೆ ಯಾವ ಕಾಯಿಲೆಯೂ ಇಲ್ಲ, ಆತಂಕ ಬೇಡ. ನಿಮ್ಮಿಬ್ಬರಲ್ಲಿ ಒಬ್ಬರದು ಅರ್ಧವೆಂದು ತೋರಿಸಿದರೆ ನನ್ನ ಮಾತು ಸಾಬೀತಾಗುತ್ತದೆ. ಮೇ ತಿಂಗಳ ಪರಿಶೀಲನಾ ಸಭೆಯೊಳಗೆ ತೋರಿಸದಿದ್ದರೆ ಈ ಸಂಶೋಧನೆಯ ವಿಷಯ ನನ್ನ ಕೈತಪ್ಪಿ ಬೇರೆಯವರಿಗೆ ಹೋಗುತ್ತದೆ.

ಒಪ್ಪಿಗೆ ತಿಳಿಸಿ.

ನಿಮ್ಮ ಮಗಳು


ಜನವರಿ ೧೯
ಅಂಗಡಿಯಿಂದ

ಮೊದಲ ರ‍್ಯಾಂಕಿನ ಮಹಾರಾಣಿಯವರಿಗೆ ದರ್ಜಿಯ ನಮಸ್ಕಾರ.

ಮೂವತ್ತೆರಡು ವರ್ಷದಿಂದ ಊರ ಜನರ ಮೈ ಅಳೀತಾ ಬಂದವನು ನಾನು. ಈಗ ನನ್ನ ಮೈಯಿಂದಲೇ ಸ್ಯಾಂಪಲ್ ಪೀಸು ಕತ್ತರಿಸಿ ಕಳಿಸು ಅಂತೀಯಲ್ಲ, ಭೇಷ್! ತಗೊಳ್ಳಲಿ. ಆದರೆ ಒಳಮಗ್ಗುಲಿಂದ ತಗೊಳ್ಳೋಕೆ ಹೇಳು, ಸೀದಾ ಕಡೆ ತೇಪೆ ಕಾಣಬಾರದು. ಹೊಲಿಗೆ ಹಾಕ್ತಾರಾ? ಹಾಕೋದಾದರೆ ದಾರದ ಬಣ್ಣ ನಾನೇ ಆರಿಸ್ತೀನಿ.

ಆ ಅರ್ಧ ಯಾರದು ಅಂತ ಇಷ್ಟೊಂದು ಪರೀಕ್ಷೆ ಯಾಕೆ? ನನ್ನದೇ. ನಿಮ್ಮಮ್ಮನಲ್ಲಿ ಅರ್ಧಂಬರ್ಧ ಅನ್ನೋದೇ ಇಲ್ಲ, ಬೈದರೂ ಪೂರ್ತಿ ಬೈತಾಳೆ. ಬೇಕಾದರೆ ಅವಳ ಶಾಲೆಯ ಮಕ್ಕಳನ್ನ ಕೇಳು, ಲೆಕ್ಕದ ಮೇಡಂ ಹೇಗೆ ಅಂತ.

ನಿನ್ನ ಕಾಗದಾನ ಅವಳೇ ಜೋರಾಗಿ ಓದ್ತಾ ಇದ್ದಳು. ಹೂದಾನಿಯ ನೀರು ಅಂತ ಬರೆದಿದ್ದೀಯಲ್ಲ, ಅಲ್ಲಿಗೆ ಬಂದು ನಿಂತಳು. ಕನ್ನಡಕ ಮಂಜಾಗಿದೆ ಅಂದಳು. ಒರೆಸಿದಳು. ಇನ್ನೊಂದು ಸಲ ಒರೆಸಿದಳು. ಆಮೇಲೆ, ಮಕ್ಕಳ ನೋಟ್‌ಬುಕ್ಕು ತಿದ್ದೋದಿದೆ ಅಂತ ಎದ್ದು ಹೋದಳು. ಉಳಿದದ್ದನ್ನ ನಾನು ಅಂಗಡಿಗೆ ತಂದು, ಮೆಷಿನ್ ಮೇಲಿಟ್ಟುಕೊಂಡು ಓದಿದೆ.

ನಿನ್ನ ಕೈ ತಪ್ಪಲ್ಲ ಅಂತ ನಿಮ್ಮ ಪ್ರೊಫೆಸರಿಗೆ ನನ್ನ ಕಡೆಯಿಂದ ಹೇಳು. ಆರು ವರ್ಷಕ್ಕೇ ಸೂಜಿಗೆ ದಾರ ಪೋಣಿಸ್ತಿದ್ದ ಕೈ ಅದು.

ನಿನ್ನ
ಅಪ್ಪ


ಫೆಬ್ರುವರಿ ೨

ಪ್ರೀತಿಯ ಅಪ್ಪ,

ಪತ್ರದೊಂದಿಗೆ ಎರಡು ಸೀಸೆಗಳನ್ನು ಕಳುಹಿಸಿದ್ದೇನೆ. ಒಳಗಿರುವ ಗುಲಾಬಿ ಬಣ್ಣದ ದ್ರವ ಕೋಶಗಳ ಆಹಾರ. ದಯವಿಟ್ಟು ತೆರೆದು ವಾಸನೆ ನೋಡಬೇಡಿ. ಒಂದರ ಮೇಲೆ 'ತಂದೆ', ಇನ್ನೊಂದರ ಮೇಲೆ 'ತಾಯಿ' ಎಂದು ಬರೆದಿದ್ದೇನೆ. ಆಸ್ಪತ್ರೆಯ ವೈದ್ಯರೊಂದಿಗೆ ಮಾತನಾಡಿದ್ದೇನೆ. ಮರಗಟ್ಟಿಸುವ ಚುಚ್ಚುಮದ್ದಿನ ನಂತರ ನೋವಾಗುವುದಿಲ್ಲ. ಹೊಲಿಗೆ ಒಂದೇ. ದಾರ ಕಪ್ಪು, ಅದರಲ್ಲಿ ಆಯ್ಕೆಯಿಲ್ಲ.

"ಅಪ್ಪ ಅಮ್ಮನನ್ನೂ ಸಾಕ್ಷಿಗೆ ಕರೆಸ್ತೀಯೇನಮ್ಮ?" ಎಂದು ಪ್ರೊಫೆಸರರು ಕೇಳಿದರು. "ಇಬ್ಬರನ್ನೂ" ಎಂದೆ. ಕೋಶಗಳನ್ನು ಬೆಳೆಸುವ ಕೋಣೆಯ ಮೇಲ್ವಿಚಾರಕಿಯನ್ನು ಇಲ್ಲಿ ಎಲ್ಲರೂ ಸೂಲಗಿತ್ತಿ ಎಂದೇ ಕರೆಯುತ್ತಾರೆ. ಆಕೆ ಮಾತ್ರ, "ಬರಲಿ ಬರಲಿ, ಬೀಗರಿಗಿಂತ ಚೆನ್ನಾಗಿ ನೋಡ್ಕೋತೀನಿ. ಬೀಗರು ಮೂರು ದಿನಕ್ಕೇ ಹೊರಡ್ತಾರೆ, ಇವರು ಮೂರು ತಿಂಗಳು ಇರ್ತಾರೆ" ಎಂದರು.

ಅಮ್ಮನಿಗೆ ಸೂಜಿಯ ಭಯವಿರಬೇಕು, ನನಗೆ ತಿಳಿದಿರಲಿಲ್ಲ. ಅವಳು ಎರಡು ವಾರದಿಂದ ಫೋನಿನಲ್ಲಿ ಸರಿಯಾಗಿ ಮಾತನಾಡುತ್ತಿಲ್ಲ. ಬಲವಂತ ಬೇಡ, ಆದರೆ ಒಬ್ಬರದಷ್ಟೇ ಸಿಕ್ಕರೆ ನನ್ನ ವಾದ ಕುಂಟುತ್ತದೆ ಎಂಬುದನ್ನು ಅವಳಿಗೆ ವಿವರಿಸಿ. ಲೆಕ್ಕದವಳು, ಅರ್ಥಮಾಡಿಕೊಳ್ಳುತ್ತಾಳೆ.

ನಿಮ್ಮ ಮಗಳು


ಫೆಬ್ರುವರಿ ೨೦

ಪುಟ್ಟಿ,

ಮಂಗಳವಾರ ಇಬ್ಬರೂ ಹೋಗಿ ಕೊಟ್ಟು ಬಂದೆವು. ಡಾಕ್ಟರು ನಿನ್ನ ವಯಸ್ಸಿನವನು. ನಿಮ್ಮಪ್ಪ ಅವನಿಗೆ ಗಂಟು ಹಾಕೋದು ಹೇಗೆ ಅಂತ ಪಾಠ ಮಾಡಿದರು. ಪಾಪ, ಅವನು "ಹೌದು ಸಾರ್, ಹೌದು ಸಾರ್" ಅಂತ ಹಾಗೇ ಹಾಕಿದ. ಮನೆಗೆ ಬರುವ ದಾರಿಯುದ್ದಕ್ಕೂ "ನನ್ನ ಹೊಲಿಗೆ ನಿನ್ನದಕ್ಕಿಂತ ನೀಟಾಗಿದೆ" ಅಂತ ಒಂದೇ ಸಮನೆ ಕಾಡಿದರು.

ನನಗೆ ಸೂಜಿ ಭಯ ಯಾವತ್ತೂ ಇಲ್ಲ.

ಒಂದು ವಿಷಯ ಕೇಳಬೇಕು. ಆ ಮಕ್ಕಳು ನೀರು ಕೇಳ್ತಾವೆ ಅಂತ ಬರೆದಿದ್ದೆಯಲ್ಲ. ಕೇಳಿದಷ್ಟೂ ಕೊಡಬಹುದಾ? ಕೊಟ್ಟರೆ ಕೆಡುಕಾಗುತ್ತಾ? ಸುಮ್ಮನೆ ಕೇಳಿದೆ.

ತಲೆಗೆ ಎಣ್ಣೆ ಹಚ್ಚಿಕೋ.

ಅಮ್ಮ


ಮಾರ್ಚ್ ೩

ಪ್ರೀತಿಯ ಅಮ್ಮ,

ಸೀಸೆಗಳು ಸುರಕ್ಷಿತವಾಗಿ ತಲುಪಿದವು. ಇಬ್ಬರ ಚರ್ಮವನ್ನೂ ಸಾಸಿವೆಗಿಂತ ಚಿಕ್ಕದಾಗಿ ಕತ್ತರಿಸಿ, ಚಪ್ಪಟೆ ಫ್ಲಾಸ್ಕುಗಳ ತಳಕ್ಕೆ ಅಂಟಿಸಿ, ಮೈ ಶಾಖದಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನಿನ್ನೆ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಿನ್ನ ಚೂರಿನ ಅಂಚಿನಿಂದ ಮೊದಲ ಕೋಶಗಳು ಹೊರಗೆ ತೆವಳಿದ್ದವು, ಉದ್ದುದ್ದ, ಎರಡೂ ತುದಿಗೆ ಚೂಪು. ಅಪ್ಪನದು ಇನ್ನೂ ಹೊರಟಿಲ್ಲ. "ಹೆಣ್ಣಿನ ಕಡೆಯವರು ಬಂದಾಯ್ತು, ಗಂಡಿನ ಕಡೆಯವರಿಗೆ ಇನ್ನೂ ಗಾಡಿ ಸಿಕ್ಕಿಲ್ಲ" ಎಂದರು ಸೂಲಗಿತ್ತಿ. ಎರಡು ದಿನಕ್ಕೊಮ್ಮೆ ಹಳೆಯ ದ್ರವ ತೆಗೆದು ಹೊಸದು ಹಾಕುತ್ತೇನೆ. ಭಾನುವಾರವೂ ರಜೆಯಿಲ್ಲ. ನಿಮ್ಮಿಬ್ಬರಿಗೂ ನಾನು ಉಣಿಸುತ್ತಿದ್ದೇನೆ ಎಂದು ಅಪ್ಪನಿಗೆ ಹೇಳು. ಅದರ ಮೇಲೆ ಅವರು ಒಂದು ವಾರ ಹಾಸ್ಯ ಮಾಡಬಹುದು.

ನಿನ್ನ ಪ್ರಶ್ನೆ ಚೆನ್ನಾಗಿದೆ. ಈ ಮಕ್ಕಳ ಮೂತ್ರಪಿಂಡ ನೀರನ್ನೂ ಲವಣವನ್ನೂ ಹಿಡಿದಿಟ್ಟುಕೊಳ್ಳಲಾರದು, ಕುಡಿದದ್ದೆಲ್ಲ ಸೋರಿಹೋಗುತ್ತದೆ. ಬಾಯಾರಿಕೆ ಅವರ ಚಟವಲ್ಲ, ಅಗತ್ಯ. ಆದ್ದರಿಂದ ನೀರನ್ನು ಮಿತಿಯಿಲ್ಲದೆ ಕೊಡಬೇಕು, ಜೊತೆಗೆ ಲವಣಗಳನ್ನೂ ಕೊಡಬೇಕು. ಹಿಂದೆ ಕೆಲವು ವೈದ್ಯರು ರೋಗವನ್ನು ಗುರುತಿಸದೆ ನೀರು ಕಡಿಮೆ ಮಾಡಿಸುತ್ತಿದ್ದರು. ಅದು ಅತ್ಯಂತ ಅಪಾಯಕಾರಿ. ಮಗು ಒಂದೆರಡು ದಿನಗಳಲ್ಲಿಯೇ ಬತ್ತಿಹೋಗಬಹುದು. ಸಿಸ್ಟಿನ್ನನ್ನು ಹೊರಹಾಕುವ ಔಷಧಿ ಈಗ ಇದೆ. ಮೊದಲು ಅದೂ ಇರಲಿಲ್ಲ.

ಈ ವಿಷಯದಲ್ಲಿ ನಿನಗೆ ಆಸಕ್ತಿ ಮೂಡಿರುವುದು ನನಗೆ ಸಂತೋಷ ತಂದಿದೆ. ಇನ್ನೇನಾದರೂ ತಿಳಿಯಬೇಕಿದ್ದರೆ ಕೇಳು.

ನಿನ್ನ ಮಗಳು


ಮಾರ್ಚ್ ೨೭
ಶಾಲೆಯಿಂದ

ಪುಟ್ಟಿ,

ಇದನ್ನ ಸ್ಟಾಫ್ ರೂಮಿನಲ್ಲಿ ಕೂತು ಬರೀತಿದ್ದೀನಿ. ಎಲ್ಲರೂ ಕ್ಲಾಸಿಗೆ ಹೋಗಿದ್ದಾರೆ. ಉತ್ತರ ಬರೆಯೋದಾದರೆ ಶಾಲೆಗೇ ಬರೆ, ಮನೆಗೆ ಬೇಡ.

ನಿನಗೆ ಒಬ್ಬಳು ಅಕ್ಕ ಇದ್ದಳು. ನೀನು ಹುಟ್ಟೋಕೆ ಮೂರು ವರ್ಷ ಮುಂಚೆ ಹೋದಳು. ಇಪ್ಪತ್ತೆರಡು ತಿಂಗಳ ಮಗು. ಹೇಳಬೇಕು ಅಂತ ಎಷ್ಟೋ ಸಲ ಅಂದುಕೊಂಡೆ. ನೀನು ಮೊದಲ ಸಲ ಪೂರ್ತಿ ಲೋಟ ನೀರು ಕುಡಿದು ಇನ್ನು ಸಾಕು ಅಂದಾಗ ಹೇಳಬೇಕು ಅಂದುಕೊಂಡೆ. ಆಮೇಲೆ ದಿನ ದೂರ ಆದಷ್ಟೂ ಬಾಯಿ ಬರಲಿಲ್ಲ.

ನೀನು ಬರೆದೆಯಲ್ಲ, ಎಲ್ಲ ಹಾಗೇ. ಏಳು ತಿಂಗಳವರೆಗೆ ಗುಂಡುಗುಂಡಗಿದ್ದಳು. ಆಮೇಲೆ ಊಟ ಕಂಡರೆ ಮುಖ ತಿರುಗಿಸೋಳು. ನೀರು, ನೀರು, ನೀರು. ಅದೊಂದೇ ಮಾತು ಅವಳಿಗೆ ಸ್ಪಷ್ಟವಾಗಿ ಬರ್ತಿದ್ದದ್ದು. ಆಗಿನ ಡಾಕ್ಟರು, "ನೀರು ಕುಡಿದೇ ಹೊಟ್ಟೆ ತುಂಬಿಸ್ಕೋತಾಳೆ, ಅದಕ್ಕೇ ಊಟ ಸೇರಲ್ಲ, ನೀರು ಕಟ್ಟಿ. ದಿನಕ್ಕೆ ಎರಡು ಲೋಟ, ಅಷ್ಟೇ" ಅಂದರು. ನಿಮ್ಮಪ್ಪ ಹೂಜೀನ ಅಟ್ಟದ ಮೇಲಿಟ್ಟು, ಅದರ ಮೈಮೇಲೆ ಎರಡು ಲೋಟದ ಅಳತೆಗೆ ಬಟ್ಟೆ ಗುರುತು ಹಾಕೋ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಅವರು ಕಲ್ಲಲ್ಲ ಪುಟ್ಟಿ. ಅವರ ಜೀವಮಾನದಲ್ಲಿ ಅವರು ಎಳೆದ ಸೊಟ್ಟ ಗೆರೆ ಅದೊಂದೇ.

ಅವರು ಅಂಗಡಿಗೆ ಹೋದಮೇಲೆ ನಾನು ಅಡುಗೆಮನೆ ನಲ್ಲಿಯಿಂದ ಬೊಗಸೆಯಲ್ಲಿ ಹಿಡಿದು ಕುಡಿಸ್ತಿದ್ದೆ. ಲೋಟದಲ್ಲಿ ಕೊಟ್ಟರೆ, ಸಂಜೆ ಅವರ ಮುಂದೆ ಲೋಟ ತೋರಿಸಿ ಇನ್ನೂ ಬೇಕು ಅಂತಾಳೆ, ಗುಟ್ಟು ಬಯಲಾಗುತ್ತೆ ಅಂತ ಬೊಗಸೆ. ಹತ್ತು ಸಲ, ಹದಿನೈದು ಸಲ. ಎಣಿಸ್ತಾ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ನನ್ನನ್ನ ಒಳಗೆ ಬಿಡಲಿಲ್ಲ. ಎರಡು ದಿನ. ಅಷ್ಟೇ.

ಡಾಕ್ಟರ ಮಾತು ಮೀರಿ ನೀರು ಕೊಟ್ಟು ನಾನೇ ಕೊಂದೆ ಅಂತ ಇಪ್ಪತ್ತಾರು ವರ್ಷ ನಂಬಿದ್ದೆ. ನಿನ್ನ ಕಾಗದದಲ್ಲಿ 'ಮಿತಿಯಿಲ್ಲದೆ ಕೊಡಬೇಕು' ಅಂತಿದೆ. ನಾಲ್ಕು ಸಲ ಓದಿದೆ. ಎದೆಯಿಂದ ಏನೋ ಇಳೀತು. ಇಳಿದದ್ದು ಎಲ್ಲಿ ಹೋಗಿ ಬೀಳುತ್ತೆ ಅಂತ ಐದನೇ ಸಲ ಓದುವಾಗ ಹೊಳೀತು. ಗೆರೆ ಎಳೆದವರು ಅವರು.

ಅದಕ್ಕೇ ಬರೀತಿದ್ದೀನಿ. ಅವರು ಕೇಳಿದರೆ, ನೀರು ಕೊಟ್ಟರೂ ಒಂದೇ, ಬಿಟ್ಟರೂ ಒಂದೇ, ಏನೂ ಉಪಯೋಗ ಇರ್ತಿರಲಿಲ್ಲ ಅಂತ ಬರೆ. ನಾನು ಕೊಡ್ತಿದ್ದೆ ಅನ್ನೋದನ್ನ ಅವರಿಗೆ ಯಾವತ್ತೂ ಹೇಳಬೇಡ. ನನ್ನಾಣೆ.

ಬೆಲ್ ಹೊಡೀತು.

ಅಮ್ಮ


ಏಪ್ರಿಲ್ ೬
ಅಂಗಡಿಯಿಂದ

ಮಗಳೇ,

ಈ ಸಲ ಮಹಾರಾಣಿ ಅಂತ ಬರೆಯೋಕೆ ಕೈ ಬರ್ತಿಲ್ಲ.

ನಿನ್ನ ಮಾರ್ಚ್ ತಿಂಗಳ ಕಾಗದ ನಿಮ್ಮಮ್ಮನ ಲೆಕ್ಕದ ಪುಸ್ತಕದೊಳಗೆ ಸಿಕ್ಕಿತು. ಅವಳಿಗೆ ಬರೆದದ್ದು, ನಾನು ಓದಬಾರದಿತ್ತು. ಓದಿದೆ. ಆವತ್ತಿಂದ ಅಂಗಡಿಯಲ್ಲಿ ಎರಡು ತೋಳು ತಿರುಗಾಮುರುಗಾ ಜೋಡಿಸಿದ್ದೀನಿ. ಗಿರಾಕಿ, "ಏನು ಮಾಸ್ಟರೇ, ನಾನು ಹಿಂದಕ್ಕೆ ನಡೀಬೇಕಾ?" ಅಂತ ನಕ್ಕ. ನಾನೂ ನಕ್ಕೆ.

ನಿನ್ನ ಅಕ್ಕನ ವಿಷಯ ಅವಳು ನಿನಗೆ ಹೇಳಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ಹೇಳಿಲ್ಲ ಅಂದರೆ ನಾನು ಹೇಳ್ತಿದ್ದೀನಿ: ಇದ್ದಳು. ಎರಡು ವರ್ಷ ತುಂಬಲಿಲ್ಲ. ಬಾಯಾರಿಕೆಯ ಮಗು. ಡಾಕ್ಟರು ನೀರು ಕಟ್ಟಿ ಅಂದರು, ನಾನು ಕಟ್ಟಿದೆ. ಓದಿದವರು ಹೇಳಿದ ಮೇಲೆ ನಾವು ಯಾರು ಅಂತ.

ನಿಮ್ಮಮ್ಮ ಕದ್ದು ಕೊಡ್ತಿದ್ದಳು. ನನಗೆ ಗೊತ್ತಿಲ್ಲ ಅಂತ ಇವತ್ತಿಗೂ ಅಂದುಕೊಂಡಿದ್ದಾಳೆ. ಸಂಜೆ ಮಗೂನ ಎತ್ತಿಕೊಂಡರೆ ಫ್ರಾಕಿನ ಎದೆಭಾಗದಲ್ಲಿ ನೀರು ಒಣಗಿದ ಗೆರೆ. ಬಟ್ಟೆ ಮೇಲಿನ ಗೆರೆ ನನಗೆ ತಿಳಿಯಲ್ವಾ? ಮೊದಲನೇ ದಿನವೇ ತಿಳೀತು. ಸುಮ್ಮನಿದ್ದೆ. ಬೆಳಿಗ್ಗೆ ಬೇಕಂತಲೇ ಬೇಗ ಹೊರಡ್ತಿದ್ದೆ. ಬರುವಾಗ ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿ, ಚಪ್ಪಲಿ ಬಿಡೋಕೆ ತಡಮಾಡಿ, ಆಮೇಲೆ ಒಳಗೆ ಬರ್ತಿದ್ದೆ.

ಆದರೆ ಹೂಜಿ ಇಳಿಸಲಿಲ್ಲ. ಡಾಕ್ಟರ ಮಾತು ಮೀರೋ ಧೈರ್ಯ ಅವಳಿಗಿತ್ತು, ನನಗಿರಲಿಲ್ಲ. ಅವಳ ಧೈರ್ಯದ ಹಿಂದೆ ಅವಿತುಕೊಂಡೆ. ಕೆಟ್ಟದಾದರೆ ನಾನು ಕೊಡಲಿಲ್ಲ, ಒಳ್ಳೆಯದಾದರೆ ಮಗು ಬದುಕಿತು. ಎರಡೂ ಕಡೆ ಹೊಲಿಗೆಗೆ ಬಟ್ಟೆ ಬಿಟ್ಟುಕೊಂಡಿದ್ದೆ.

ಮಗು ಹೋದಮೇಲೆ ಅವಳು ನಲ್ಲಿ ತಿರುಗಿಸಿ, ಕೈ ಒಡ್ಡಿ, ಹಾಗೇ ನಿಂತುಬಿಡ್ತಿದ್ದಳು. ಯಾಕೆ ಅಂತ ನನಗೆ ಗೊತ್ತಿತ್ತು. ಗೊತ್ತಿದೆ ಅಂತ ಹೇಳಲಿಲ್ಲ.

ನೀನು ಅವಳಿಗೆ ಬರೆ, ನೀರು ಕೊಟ್ಟದ್ದು ಸರಿ ಅಂತ. ದೊಡ್ಡ ಅಕ್ಷರದಲ್ಲಿ ಬರೆ. ನನಗೆ ಗೊತ್ತಿತ್ತು ಅನ್ನೋದು ಮಾತ್ರ ಅವಳ ಕಿವಿಗೆ ಬೀಳಬಾರದು. ಗೊತ್ತಿದ್ದೂ ಹೂಜಿ ಇಳಿಸಲಿಲ್ಲವಾ ಅಂತ ಅವಳು ಕೇಳಿದರೆ ನನ್ನ ಹತ್ತಿರ ಮಾತಿಲ್ಲ.

ಅಪ್ಪ


ಏಪ್ರಿಲ್ ೨೪

ಪ್ರೀತಿಯ ಅಪ್ಪ, ಅಮ್ಮ,

ಈ ಪತ್ರವನ್ನು ಮನೆಯ ವಿಳಾಸಕ್ಕೆ, ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಹೊದಿಕೆಯ ಮೇಲೆ 'ಇಬ್ಬರೂ ಇರುವಾಗ ಒಡೆಯಿರಿ' ಎಂದು ನಮೂದಿಸಿದ್ದೇನೆ, ಪಾಲಿಸಿದ್ದೀರೆಂದು ಭಾವಿಸುತ್ತೇನೆ. ಹಲವು ದಿನ ಉತ್ತರಿಸಲಿಲ್ಲ. ಕೋಶಗಳು ಸಾಕಷ್ಟು ಬೆಳೆಯುವುದನ್ನು ಕಾಯುತ್ತಿದ್ದೆ. ಅದು ಅರ್ಧ ನಿಜ. ಉಳಿದರ್ಧ, ಏನು ಬರೆಯಬೇಕೆಂದು ನನಗೆ ತಿಳಿಯಲಿಲ್ಲ.

ಫಲಿತಾಂಶ ಹೀಗಿದೆ. ಅಪ್ಪನದು ಐವತ್ತೊಂದು. ಅಮ್ಮನದು ನಲವತ್ತೇಳು. ಪ್ರತಿಯೊಂದನ್ನೂ ನಾಲ್ಕು ಬಾರಿ ಅಳೆದಿದ್ದೇನೆ. ನಿಮ್ಮಲ್ಲಿ ಒಬ್ಬರದು ಅರ್ಧವಿರಬೇಕೆಂದು ನಾನು ವಾದಿಸಿದ್ದೆ, ಇಬ್ಬರದೂ ಅರ್ಧ. ಹಾಳೆ ನೋಡಿ ಪ್ರೊಫೆಸರರು, "ಒಬ್ಬರು ಸಾಕ್ಷಿ ಹೇಳಿದ್ದರೆ ಸಾಕಿತ್ತಲ್ಲಮ್ಮ" ಎಂದು ನಗಲು ಹೊರಟವರು, ಇಬ್ಬರದೂ ಅರ್ಧವಾದರೆ ಏನರ್ಥವೆಂದು ಹೊಳೆದು ಹಾಳೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ನನ್ನ ಕೈಯ ವಿಷಯದಲ್ಲಿ ಆಡಿದ ಮಾತನ್ನು ಎಲ್ಲರೆದುರಿಗೇ ಹಿಂದಕ್ಕೆ ತೆಗೆದುಕೊಂಡರು. ನಾನು ಐದು ತಿಂಗಳಿಂದ ಕಾದಿದ್ದ ಕ್ಷಣ ಅದು. ಅಂದುಕೊಂಡಷ್ಟು ಸಂತೋಷವಾಗಲಿಲ್ಲ.

ಅಳೆದದ್ದು ಸರಿಯಿದ್ದರೂ ಅಳತೆಗೋಲು ಸರಿಯಿರಲಿಲ್ಲ. ಅಳತೆಗೋಲು ನಾನೇ ಆಗಿದ್ದೆ. ನನಗೆ ಹೋಲಿಸಿ ಬರೆದ ಅಂಕಿಗಳನ್ನೆಲ್ಲ ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದೇನೆ. ವಿಷಯ ನನ್ನಲ್ಲೇ ಉಳಿಯುತ್ತದೆ.

ತಂದೆ ತಾಯಿ ಇಬ್ಬರದೂ ಅರ್ಧವಿದ್ದಾಗ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ, ಆ ಬಾಗಿಲೇ ಇಲ್ಲದಿರುವುದು. ಅಕ್ಕನ ವಿಷಯವನ್ನು ನೀವಿಬ್ಬರೂ ಬೇರೆ ಬೇರೆಯಾಗಿ ನನಗೆ ಬರೆದಿದ್ದೀರಿ. ಅವಳ ಒಂದು ಕೋಶವೂ ಎಲ್ಲಿಯೂ ಉಳಿದಿಲ್ಲದ ಕಾರಣ ಖಚಿತವೆಂದು ನಾನು ಬರೆಯಲಾರೆ. ಬೇರೆ ಯಾವ ವಿವರಣೆಯೂ ಹೊಂದುವುದಿಲ್ಲ ಎಂದಷ್ಟೇ ಬರೆಯಬಲ್ಲೆ. ಅಂಥ ಮಗುವಿಗೆ ನೀರು ಕಟ್ಟಬಾರದು. ಇದು ಅಂದಿನ ವೈದ್ಯರಿಗೆ ತಿಳಿದಿರಬೇಕಿತ್ತು. ನಿಮಗೆ ತಿಳಿಯುವ ದಾರಿ ಇರಲಿಲ್ಲ. ನೀರೊಂದರಿಂದಲೇ ಅವಳು ಇಂದಿನವರೆಗೆ ಬದುಕಿರುತ್ತಿರಲಿಲ್ಲ. ಅವಳಿಗೆ ಸಿಕ್ಕ ಪ್ರತಿ ಗುಟುಕೂ ಅವಳಿಗೆ ಬೇಕಾಗಿದ್ದದ್ದೇ.

ನಿಮ್ಮಿಬ್ಬರ ಕೋಶಗಳನ್ನು ಹೆಪ್ಪುಗಟ್ಟಿಸಿ ಇಡಲು ಸೂಲಗಿತ್ತಿ ಕೇಳಿದರು. ಇನ್ನೊಂದು ವಾರ ಹಾಗೇ ಇರಲಿ ಎಂದೆ. ಬೆಳಿಗ್ಗೆ ಬಂದು ಮೊದಲು ಅವುಗಳನ್ನೇ ನೋಡುತ್ತೇನೆ. ಅಪ್ಪನವು ತಡವಾಗಿ ಹೊರಟರೂ ಈಗ ಫ್ಲಾಸ್ಕಿನ ತುಂಬ ಹರಡಿಕೊಂಡಿವೆ. ಹೀಗೆ ಇಟ್ಟುಕೊಂಡಿರುವುದಕ್ಕೆ ವೈಜ್ಞಾನಿಕ ಕಾರಣವೇನೂ ಇಲ್ಲ.

ಅಮ್ಮ, ಅಪ್ಪನಿಗೆ ತಿಳಿಯಬಾರದೆಂದು ನೀನು ನನಗೊಂದು ಮಾತು ಬರೆದಿದ್ದೀಯೆ. ಅಪ್ಪ, ಅಮ್ಮನಿಗೆ ತಿಳಿಯಬಾರದೆಂದು ನೀವೂ ಒಂದು ಮಾತು ಬರೆದಿದ್ದೀರಿ. ಎರಡನ್ನೂ ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಈ ಪತ್ರದಲ್ಲಿಯೂ ಬರೆದಿಲ್ಲ. ಈಗ ನೀವಿಬ್ಬರೂ ಎದುರುಬದುರು ಕುಳಿತಿದ್ದೀರಿ. ಭಾನುವಾರ ನಾನು ಫೋನ್ ಮಾಡುತ್ತೇನೆ. ಅಷ್ಟರೊಳಗೆ ಅವುಗಳನ್ನು ಯಾರು ಮೊದಲು ಹೇಳಬೇಕೆಂಬುದನ್ನು ನೀವೇ ತೀರ್ಮಾನಿಸಿಕೊಳ್ಳಿ.

ಆ ಎರಡು ಮಾತುಗಳನ್ನು ನಾನು ಇಟ್ಟುಕೊಳ್ಳುವುದಿಲ್ಲ.

ನಿಮ್ಮಿಬ್ಬರ ಮಗಳು